ಕಂಪ್ಯೂಟರಿಗೆ ಮೆಮೊರಿ ಕೊಳ್ಳುವ ಮುನ್ನ

ಕಂಪ್ಯೂಟರಿನ ಗುಂಡಿ ಒತ್ತಿ, ಒಳಗೆ ಹೋಗಿ ಅನ್ನಕ್ಕಿಟ್ಟು ಬಂದರೂ ಪರದೆಯ ಮೇಲೆ ಆ ಚಕ್ರ ಇನ್ನೂ ಸುತ್ತುತ್ತಲೇ ಇದೆಯೇ? ಹಾಗಿದ್ದರೆ ಈ ನಾಲ್ಕು ಮಾತು ನಿಮಗಾಗಿಯೇ.

ನಮ್ಮ ದೇವಸಮುದ್ರದ ಮನೆಗೆ ಒಂದು ವರ್ಷ ಶೇಂಗಾ ಮಾರಿದ ದುಡ್ಡಿನಲ್ಲಿ ಹಳೆಯದೊಂದು ಕಂಪ್ಯೂಟರ್ ಬಂತು. ಮಗಳು ವಿದ್ಯಾರ್ಥಿವೇತನದ ಅರ್ಜಿ ತುಂಬುವ ಕೊನೆಯ ದಿನವೇ ಅದು ಅಲ್ಲಾಡದೆ ನಿಂತುಬಿಟ್ಟಿತು. ಹುಡುಗಿ ಅತ್ತಿದ್ದೇ ಅತ್ತಿದ್ದು. ನೆರೆಮನೆಯಲ್ಲಿ ಕೂತು ರಾತ್ರಿ ಹೇಗೋ ಅರ್ಜಿ ಕಳಿಸಿದ್ದಾಯಿತು. ಮರುದಿನ ಪೇಟೆಯಲ್ಲಿ ವಿಚಾರಿಸಿದರೆ, "ಅಕ್ಕಾ, ಇದು ಹಳೇದಾತು, ಹೊಸದೇ ತಗಂಡ್ಬಿಡ್ರಿ" ಎಂದರು. ಆ ವರ್ಷ ಮಳೆ ಕೈಕೊಟ್ಟಿತ್ತು. ಸಂಘದಲ್ಲಿ ಸಾಲ ಕೇಳೋಣವೆಂದು ನಾನು ಹೊರಟೇ ಇದ್ದೆ. ಹಬ್ಬಕ್ಕೆ ಬಂದಿದ್ದ ತಮ್ಮ ಪೆಟ್ಟಿಗೆ ಬಿಚ್ಚಿ ನೋಡಿ, "ಸಾಲ ಯಾಕಕ್ಕಾ? ಮೆಮೊರಿ ಹೆಚ್ಚಿಸಿದ್ರೆ ಸಾಕು" ಎಂದ.

ಮೆಮೊರಿ ಎಂದರೇನು?

ನಿಮ್ಮ ಅಡುಗೆಮನೆಯನ್ನೇ ನೆನೆದುಕೊಳ್ಳಿ. ದಿನಸಿಯೆಲ್ಲ ಇರುವುದು ಉಗ್ರಾಣದಲ್ಲಿ. ಆದರೆ ತರಕಾರಿ ಹೆಚ್ಚಲು, ಹಿಟ್ಟು ಕಲೆಸಲು ಬೇಕಾದದ್ದು ಕಟ್ಟೆಯ ಮೇಲಿನ ಜಾಗ. ಕಂಪ್ಯೂಟರಿನಲ್ಲಿ ಹಾರ್ಡ್ ಡಿಸ್ಕ್ ಉಗ್ರಾಣವಾದರೆ, ರ‍್ಯಾಮ್ ಎಂಬ ಮೆಮೊರಿಯೇ ಕಟ್ಟೆ. ಕಟ್ಟೆ ಚಿಕ್ಕದಾದರೆ ಒಂದೊಂದು ಪಾತ್ರೆಯನ್ನೂ ಒಳಗಿಟ್ಟು ಮತ್ತೆ ತರಬೇಕಲ್ಲವೆ? ಕಂಪ್ಯೂಟರ್ ಪಡುವ ಪಾಡೂ ಅದೇ.

ಇನ್ನೊಂದು ಮಾತು. ನಮ್ಮ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕ ಬಂಡೆಯ ಮೇಲೆ ಬರೆಸಿದ್ದು ಎರಡು ಸಾವಿರ ವರ್ಷ ದಾಟಿದರೂ ಅಳಿದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಉಳಿಸಿದ್ದೂ ಕರೆಂಟು ಹೋದರೆ ಅಳಿಯುವುದಿಲ್ಲ. ರ‍್ಯಾಮ್ ಮಾತ್ರ ಮಕ್ಕಳ ಸ್ಲೇಟಿನಂತೆ. ಕರೆಂಟು ಹೋಯಿತೋ, ಬರೆದದ್ದೂ ಹೋಯಿತು. ಆದ್ದರಿಂದ ರ‍್ಯಾಮ್ ಹೆಚ್ಚಿಸಿದರೆ ಫೋಟೋ ಇಡುವ ಜಾಗ ಹೆಚ್ಚುವುದಿಲ್ಲ, ಕೆಲಸ ಚುರುಕಾಗುತ್ತದೆ, ಅಷ್ಟೇ.

ನಿಜವಾಗಿ ಬೇಕೇ?

ಮೊದಲು ಇದನ್ನು ನೋಡಿ. ವಿಂಡೋಸ್ 10 ಅಥವಾ 11 ಇದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಗುಂಡಿಗಳನ್ನು ಒಟ್ಟಿಗೆ ಒತ್ತಿ. 'ಪರ್ಫಾರ್ಮೆನ್ಸ್' ಎಂಬಲ್ಲಿ 'ಮೆಮೊರಿ' ಆರಿಸಿ. ದಿನದ ಕೆಲಸ ಮಾಡುತ್ತಿರುವಾಗ ಅದು ಸದಾ ಶೇಕಡಾ 85-90 ತುಂಬಿದ್ದರೆ ಮೆಮೊರಿ ಸಾಲದು ಎಂದರ್ಥ. ಅದು ಅರ್ಧವೇ ತುಂಬಿ, 'ಡಿಸ್ಕ್' ಮಾತ್ರ 100 ತೋರಿಸುತ್ತಿದ್ದರೆ ರ‍್ಯಾಮ್ ಕೊಳ್ಳಬೇಡಿ. ಆಗ ಹಳೆಯ ಹಾರ್ಡ್ ಡಿಸ್ಕ್ ತೆಗೆಸಿ ಎಸ್‌ಎಸ್‌ಡಿ ಹಾಕಿಸುವುದೇ ಮದ್ದು. ರೋಗ ಒಂದು, ಔಷಧಿ ಒಂದು ಆಗಬಾರದು.

ನಾನು ಮಾಡಿದ ತಪ್ಪು ನೀವು ಮಾಡಬೇಡಿ

ತಮ್ಮ ಊರಿಗೆ ಹೋದ ಮೇಲೆ ನಾನೊಬ್ಬಳೇ ಅಂಗಡಿಗೆ ಹೋಗಿ "8 ಜಿಬಿ ಕೊಡ್ರಿ" ಎಂದೆ. ಅವರು ಕೊಟ್ಟರು, ನಾನು ತಂದೆ. ಮನೆಯಲ್ಲಿ ನೋಡಿದರೆ ಅದು ಕೂರಲೇ ಇಲ್ಲ! ನಮ್ಮದು ಡಿಡಿಆರ್ 3, ತಂದದ್ದು ಡಿಡಿಆರ್ 4. ಪೊಟ್ಟಣ ಒಡೆದಿದೆ ಎಂದು ಅವರು ವಾಪಸು ತೆಗೆದುಕೊಳ್ಳಲಿಲ್ಲ. ರವಿಕೆ ಹೊಲಿದು ಕೂಡಿಟ್ಟಿದ್ದ ದುಡ್ಡು ನೀರಲ್ಲಿ ಹೋಮ.

ಡಿಡಿಆರ್ 3 ಬಂದದ್ದು 2007ರಲ್ಲಿ, ಡಿಡಿಆರ್ 4 ಪೇಟೆಗೆ ಬಂದದ್ದು 2014ರಲ್ಲಿ, ಡಿಡಿಆರ್ 5 ಬಂದದ್ದು 2020ರ ನಂತರ. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಇಟ್ಟಿರುತ್ತಾರೆ. ಬಲವಂತ ಮಾಡಿದರೆ ಮುರಿಯುತ್ತದೆ.

ಅಂಗಡಿಗೆ ಹೋಗುವ ಮುನ್ನ ಗಮನಿಸಿ:

1. ಹಳೆಯ ಪಟ್ಟಿಯನ್ನೇ ಜೊತೆಗೆ ಒಯ್ಯಿರಿ. ಇಲ್ಲವೇ ಅದರ ಚೀಟಿಯ ಫೋಟೋ ತೆಗೆದುಕೊಳ್ಳಿ.

2. ಮೇಜಿನ ಕಂಪ್ಯೂಟರಿನ ಪಟ್ಟಿ ಉದ್ದ, ಲ್ಯಾಪ್‌ಟಾಪಿನದು ಅದರ ಅರ್ಧದಷ್ಟು. ಕೆಲವು ಲ್ಯಾಪ್‌ಟಾಪುಗಳಲ್ಲಿ ಮೆಮೊರಿ ಬೆಸೆದೇ ಇರುತ್ತದೆ, ಹೆಚ್ಚಿಸಲು ಬರುವುದಿಲ್ಲ.

3. ಡಿಡಿಆರ್ 3ರಲ್ಲಿ 'ಎಲ್' ಅಕ್ಷರವಿದ್ದರೆ ಅದು 1.35 ವೋಲ್ಟಿನದು. ಕೆಲವು ಲ್ಯಾಪ್‌ಟಾಪುಗಳಿಗೆ ಅದೇ ಬೇಕು, 1.5 ವೋಲ್ಟಿನದು ಆಗದು.

4. ನಿಮ್ಮ ವಿಂಡೋಸ್ 32 ಬಿಟ್‌ನದಾದರೆ 4 ಜಿಬಿಗಿಂತ ಹೆಚ್ಚು ಹಾಕಿ ಫಲವಿಲ್ಲ. 64 ಬಿಟ್ ಇರಬೇಕು.

5. ಎರಡು ಖಾಲಿ ಜಾಗಗಳಿದ್ದರೆ 8ರ ಒಂದಕ್ಕಿಂತ 4ರ ಜೋಡಿ ಹೆಚ್ಚು ಚುರುಕು. ಜೋಡೆತ್ತಿನ ಗಾಡಿಯಂತೆ.

6. ಬಿಲ್ಲು ಪಡೆಯಿರಿ. "ಕೂರದಿದ್ದರೆ ವಾಪಸು ತಗೊಳ್ತೀರಾ?" ಎಂದು ಮೊದಲೇ ಕೇಳಿ, ಬಿಲ್ಲಿನ ಮೇಲೆ ಬರೆಸಿ.

ಪಾಠ, ಅರ್ಜಿ, ಬ್ಯಾಂಕಿನ ಕೆಲಸ, ಹಾಡು, ಸಿನಿಮಾಗಳಿಗೆ 8 ಜಿಬಿ ಸಾಕು. ಸೀರೆಯ ನಮೂನೆ ಬಿಡಿಸುವವರು, ವಿಡಿಯೋ ಕತ್ತರಿಸಿ ಜೋಡಿಸುವವರು 16ರ ಯೋಚನೆ ಮಾಡಲಿ. ಕೃತಕ ಬುದ್ಧಿಮತ್ತೆಯ ದೊಡ್ಡ ಕೇಂದ್ರಗಳು ಮೆಮೊರಿಯನ್ನು ರಾಶಿಗಟ್ಟಲೆ ಕೊಳ್ಳತೊಡಗಿ, 2025ರ ಕೊನೆಯ ತಿಂಗಳುಗಳಲ್ಲಿ ಇದರ ಬೆಲೆ ಲೋಕದಲ್ಲೆಲ್ಲ ಏರಿತು. ಆದ್ದರಿಂದ ಎರಡು ಮೂರು ಕಡೆ ವಿಚಾರಿಸಿಯೇ ಕೊಳ್ಳಿ.

ಒಂದು ಎಚ್ಚರಿಕೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಬಹಳ ಹಳೆಯ ಪ್ರೊಸೆಸರ್ ಇದ್ದರೆ ಎಷ್ಟೇ ಮೆಮೊರಿ ಹಾಕಿದರೂ ಅದು ವಿಂಡೋಸ್ 11ಕ್ಕೆ ಅರ್ಹವಾಗದು. ಅಂಥದ್ದಕ್ಕೆ ಹೆಚ್ಚು ದುಡ್ಡು ಸುರಿಯಬೇಡಿ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿಸಿ ಇನ್ನಷ್ಟು ದಿನ ಬಳಸಬಹುದು.

ಕೂರಿಸುವಾಗ

ವೈರು ಕಿತ್ತಿಡಿ. ಕೈಯಿಂದ ಪೆಟ್ಟಿಗೆಯ ಲೋಹವನ್ನೊಮ್ಮೆ ಮುಟ್ಟಿ, ಮೈಯಲ್ಲಿನ ಸ್ಥಾಯೀ ವಿದ್ಯುತ್ತು ಹರಿದುಹೋಗುತ್ತದೆ. ಪಟ್ಟಿಯ ಹಳದಿ ಹಲ್ಲುಗಳನ್ನು ಮುಟ್ಟದೆ ಅಂಚು ಹಿಡಿದು, ಕಚ್ಚು ಸರಿಹೊಂದಿಸಿ, ಪಕ್ಕದ ಹಿಡಿಕೆ 'ಟಕ್' ಎನ್ನುವವರೆಗೆ ಒತ್ತಿ. ಒಳಗಿನ ಧೂಳನ್ನೂ ಮೆತ್ತನೆಯ ಬ್ರಷ್ಷಿನಿಂದ ತೆಗೆಯಿರಿ. ನಮ್ಮ ಬಯಲುಸೀಮೆಯಲ್ಲಿ ಧೂಳಿಗೇನು ಬರವೇ?

ಎರಡನೆಯ ಸಲ ಹಳೆಯ ಪಟ್ಟಿಯನ್ನು ಕರ್ಚೀಫಿನಲ್ಲಿ ಸುತ್ತಿಕೊಂಡೇ ಅಂಗಡಿಗೆ ಹೋದೆ. ಸರಿಯಾದದ್ದೇ ಸಿಕ್ಕಿತು. ಸಂಘದ ಸಾಲ ತಪ್ಪಿತು. ಈಗ ಮಗಳು ಗುಂಡಿ ಒತ್ತಿ, "ಅಮ್ಮಾ, ನೀನು ಅನ್ನಕ್ಕಿಡೋದ್ರೊಳಗೇ ತೆಗೀತು ನೋಡು" ಎನ್ನುತ್ತಾಳೆ.