ಔಷಧಿ ಕಾಣದ ಮಣ್ಣಿಗೆ ಪ್ರತಿರೋಧ ಎಲ್ಲಿಂದ ಬಂತು?

ಪ್ರಶ್ನೆ: ಮಾತ್ರೆ, ಇಂಜೆಕ್ಷನ್ ಏನೂ ತಾಕದ ಮಣ್ಣಿನಲ್ಲೂ ಆ್ಯಂಟಿಬಯೋಟಿಕ್‌ಗೆ ಜಗ್ಗದ ಬ್ಯಾಕ್ಟೀರಿಯಾ ಇವೆಯಂತೆ. ಹಾಗಿದ್ದರೆ ನಮ್ಮ ತಪ್ಪೇನೂ ಇಲ್ಲವೇ?

ಉತ್ತರ: ಬಹುಪಾಲು ಆ್ಯಂಟಿಬಯೋಟಿಕ್‌ಗಳ ತವರೇ ಮಣ್ಣು. 1943ರಲ್ಲಿ ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಸ್ಟ್ರೆಪ್ಟೊಮೈಸಿನ್ ಎಂಬ ಆ್ಯಂಟಿಬಯೋಟಿಕ್ ದೊರೆತದ್ದು ಸ್ಟ್ರೆಪ್ಟೊಮೈಸಿಸ್ ಎಂಬ ಮಣ್ಣಿನ ಬ್ಯಾಕ್ಟೀರಿಯಾದಿಂದ. ನೆರೆಯವರನ್ನು ಕೊಲ್ಲಲು ವಿಷ ತಯಾರಿಸುವ ಜೀವಿ ಅದರಿಂದ ತಾನೇ ಸಾಯಬಾರದಲ್ಲ? ಹಾಗಾಗಿ ವಿಷದ ಜೀನ್‌ಗಳ ಜತೆಯಲ್ಲೇ ರಕ್ಷಣೆಯ ಜೀನ್‌ಗಳೂ ಇರುತ್ತವೆ. ಏಟು ತಿಂದ ನೆರೆಯವೂ ಸುಮ್ಮನಿರಲಿಲ್ಲ: ಔಷಧವನ್ನು ಒಡೆಯುವ, ಕೋಶದಿಂದ ಹೊರದಬ್ಬುವ ಉಪಾಯಗಳನ್ನು ರೂಢಿಸಿಕೊಂಡವು.

ಈ ಪ್ರತಿರೋಧ ಬಹಳ ಹಳೆಯದು ಎಂಬುದಕ್ಕೆ ಗಟ್ಟಿ ಪುರಾವೆ ಸಿಕ್ಕಿದ್ದು ಕೆನಡಾದ ಯೂಕಾನ್‌ನಲ್ಲಿ. ಅಲ್ಲಿ 30,000 ವರ್ಷಗಳಿಂದ ಹೆಪ್ಪುಗಟ್ಟಿದ್ದ ನೆಲದ ಡಿಎನ್‌ಎಯಲ್ಲಿ ಪೆನಿಸಿಲಿನ್ ಬಳಗದ ಔಷಧಗಳನ್ನೂ ಟೆಟ್ರಾಸೈಕ್ಲಿನ್, ವ್ಯಾಂಕೊಮೈಸಿನ್‌ಗಳನ್ನೂ ಎದುರಿಸುವ ಜೀನ್‌ಗಳಿದ್ದವೆಂದು 2011ರಲ್ಲಿ ವಿಜ್ಞಾನಿಗಳು ಪ್ರಕಟಿಸಿದರು. ಆ ನೆಲ ಹೆಪ್ಪುಗಟ್ಟಿದಾಗ ಭೂಮಿಯ ಮೇಲೆ ವೈದ್ಯರಿರಲಿ, ಬೇಸಾಯವೇ ಇರಲಿಲ್ಲ.

ಹಾಗೆಂದು ನಾವು ಕೈತೊಳೆದುಕೊಳ್ಳುವಂತಿಲ್ಲ. ಈ ಜೀನ್‌ಗಳು ಒಂದು ಬ್ಯಾಕ್ಟೀರಿಯಾದಿಂದ ಇನ್ನೊಂದಕ್ಕೆ, ಬೇರೆ ಜಾತಿಯದಕ್ಕೂ, ದಾಟಬಲ್ಲವು. ಔಷಧ ಹೆಚ್ಚಿದ್ದಲ್ಲಿ ಅವನ್ನು ಹೊತ್ತ ಬ್ಯಾಕ್ಟೀರಿಯಾಗಳೇ ಉಳಿದು ಸಂಖ್ಯೆ ಬೆಳೆಸುತ್ತವೆ. ಆಸ್ಪತ್ರೆಯ ಚರಂಡಿ, ಔಷಧ ತಿಂದ ದನ, ಕೋಳಿಗಳ ಗೊಬ್ಬರ ಈ ಬ್ಯಾಕ್ಟೀರಿಯಾಗಳನ್ನು ಹೊಲಕ್ಕೆ ತರುತ್ತವೆ. ನೆದರ್ಲೆಂಡ್ಸ್‌ನಲ್ಲಿ 1940ರಿಂದ 2008ರವರೆಗೆ ಕಾದಿಟ್ಟ ಮಣ್ಣಿನ ಮಾದರಿಗಳನ್ನು ಪರೀಕ್ಷಿಸಿದಾಗ, ಕೆಲವು ಟೆಟ್ರಾಸೈಕ್ಲಿನ್ ಪ್ರತಿರೋಧದ ಜೀನ್‌ಗಳು 1970ರ ದಶಕಕ್ಕಿಂತ 15 ಪಟ್ಟಿಗೂ ಮೀರಿ ಹೆಚ್ಚಿದ್ದವು.