ಕೇರಳದ ಶಾಲಾ ಕಲೋತ್ಸವದಲ್ಲಿ ಕನ್ನಡದ ಚೆಂಡೆ

ಹುಡುಗಿಯ ಮನೆಮಾತು ಮಲಯಾಳ. ಕನ್ನಡದ ಒಂದಕ್ಷರ ಓದಲೂ ಬಾರದು. ಆದರೂ ಕಾಲಿಗೆ ಗೆಜ್ಜೆ ಬಿಗಿದು, ತಲೆಗೆ ಕಿರೀಟ ಕಟ್ಟಿ ರಂಗಕ್ಕೆ ಬಂದಳೆಂದರೆ ಅವಳ ಬಾಯಿಂದ ಹೊರಡುವುದು ತೆಂಕುತಿಟ್ಟು ಯಕ್ಷಗಾನದ ಗಟ್ಟಿ ಕನ್ನಡ. ಅರ್ಥದ ಮಾತುಗಳನ್ನು ಮಲಯಾಳ ಲಿಪಿಯಲ್ಲಿ ಬರೆದುಕೊಂಡು, ಎಲ್ಲಿ ಏರಿಸಬೇಕು, ಎಲ್ಲಿ ನಿಲ್ಲಿಸಬೇಕು ಎಂದು ಕಾಸರಗೋಡು ಕಡೆಯ ಗುರುಗಳಿಂದ ತಿದ್ದಿಸಿಕೊಂಡು ತಿಂಗಳುಗಟ್ಟಲೆ ಬಾಯಿಪಾಠ ಮಾಡಿರುತ್ತಾಳೆ. ಕೇರಳ ಶಾಲಾ ಕಲೋತ್ಸವದ ಸ್ಪರ್ಧೆಗಳಲ್ಲಿ ಯಕ್ಷಗಾನವೂ ಒಂದು. ಹಾಗಾಗಿ ಕನ್ನಡದ ನೆರಳೂ ಬೀಳದ ಊರುಗಳ ಹೈಸ್ಕೂಲುಗಳಲ್ಲೂ ಮಕ್ಕಳು ಧೀಂಗಿಣ ಹೊಡೆಯುವುದನ್ನು ಕಲಿಯುತ್ತಾರೆ.

ಈ ಉತ್ಸವ ಆರಂಭವಾದದ್ದು 1957ರ ಜನವರಿಯಲ್ಲಿ, ಎರ್ನಾಕುಳಂನಲ್ಲಿ. ಕೇರಳ ರಾಜ್ಯ ಹುಟ್ಟಿ ಆಗಿನ್ನೂ ಮೂರು ತಿಂಗಳೂ ಆಗಿರಲಿಲ್ಲ. ದೆಹಲಿಯ ಅಂತರ ವಿಶ್ವವಿದ್ಯಾಲಯ ಯುವಜನೋತ್ಸವ ನೋಡಿ ಬಂದಿದ್ದ ಶಿಕ್ಷಣ ಇಲಾಖೆಯ ನಿರ್ದೇಶಕ ಸಿ.ಎಸ್. ವೆಂಕಟೇಶ್ವರನ್, ಅಂಥದ್ದೊಂದು ಶಾಲಾ ಮಕ್ಕಳಿಗೂ ಬೇಕು ಎಂದು ಪಟ್ಟು ಹಿಡಿದರು. ಮರುವರ್ಷವೇ ಇಬ್ಬರು ಹುಡುಗರು ಗಮನ ಸೆಳೆದರು. ಒಬ್ಬ ಶಾಸ್ತ್ರೀಯ ಗಾಯನದಲ್ಲಿ ಮೊದಲಿಗ, ಇನ್ನೊಬ್ಬ ಮೃದಂಗದಲ್ಲಿ. ಗಾಯಕ ಕೆ.ಜೆ. ಯೇಸುದಾಸ್, ಮೃದಂಗದವರು ಪಿ. ಜಯಚಂದ್ರನ್. ಮುಂದೆ ಇಬ್ಬರೂ ಕನ್ನಡ ಚಿತ್ರಗೀತೆಗಳನ್ನು ಹಾಡಿ ನಮ್ಮ ಮನೆಮನೆಗೂ ಬಂದವರು.

ಸ್ಪರ್ಧೆ ಶಾಲೆಯಲ್ಲಿ ಶುರುವಾಗಿ ಉಪಜಿಲ್ಲೆ, ಜಿಲ್ಲೆ ದಾಟಿ ರಾಜ್ಯಮಟ್ಟಕ್ಕೆ ಬರುತ್ತದೆ. 2025ರ ಜನವರಿಯಲ್ಲಿ ತಿರುವನಂತಪುರದಲ್ಲಿ ನಡೆದ ಉತ್ಸವದಲ್ಲಿ ಐದು ದಿನ, 25 ವೇದಿಕೆ, 249 ಸ್ಪರ್ಧೆ. ವೇದಿಕೆಗಳಿಗೆ ಕೇರಳದ ನದಿಗಳ ಹೆಸರಿಟ್ಟಿದ್ದರು. ತೀರ್ಪುಗಾರರಿಗೆ ಸ್ಪರ್ಧಿಯ ಹೆಸರು, ಶಾಲೆ ಯಾವುದೂ ತಿಳಿಯದಂತೆ ಚೀಟಿ ಎತ್ತಿಸಿ ಸಂಕೇತ ಕೊಡುತ್ತಾರೆ. ಗ್ರೇಡುಗಳಿಂದ ಬಂದ ಅಂಕಗಳನ್ನು ಜಿಲ್ಲೆಯ ಲೆಕ್ಕಕ್ಕೆ ಸೇರಿಸಲಾಗುತ್ತದೆ. ಎಲ್ಲಕ್ಕಿಂತ ಮುಂದಿರುವ ಜಿಲ್ಲೆಗೆ 117.5 ಪವನ್ ತೂಕದ ಚಿನ್ನದ ಕಪ್. ಕವಿ ವೈಲೋಪ್ಪಿಳ್ಳಿ ಶ್ರೀಧರ ಮೇನೋನ್ ಅವರ ಸಲಹೆಯಿಂದ ಬಂದದ್ದು ಅದು. ಆ ವರ್ಷ ತ್ರಿಶ್ಶೂರು ಗಳಿಸಿದ್ದು 1008 ಅಂಕ, ಪಾಲಕ್ಕಾಡು 1007. ಒಂದೇ ಒಂದು ಅಂಕಕ್ಕೆ ಪಾಲಕ್ಕಾಡಿಗೆ ಕಪ್ ಕೈತಪ್ಪಿತು!

ಕಲೋತ್ಸವದ ನಿಜವಾದ ಸಂಪತ್ತು ಇರುವುದು ಅದರ ಕಾರ್ಯಕ್ರಮ ಪಟ್ಟಿಯಲ್ಲಿ. ಕೂಡಿಯಾಟ್ಟಂ, ಓಟ್ಟನ್ ತುಳ್ಳಲ್, ಪಂಚವಾದ್ಯಗಳ ಪಕ್ಕದಲ್ಲೇ ಮಾಪಿಳ್ಳೆ ಮುಸ್ಲಿಮರ ಮದುವೆಮನೆಯ ಒಪ್ಪನ, ಕೋಲ್ಕಳಿ, ದಫ್‌ಮುಟ್ಟ್. ಸಿರಿಯನ್ ಕ್ರೈಸ್ತರ ಮಾರ್ಗಂಕಳಿ. ಪೋರ್ಚುಗೀಸರ ಕಾಲದಲ್ಲಿ ಕರಾವಳಿಯ ಕ್ರೈಸ್ತರ ನಡುವೆ ಬೆಳೆದ, ಹಲಗೆಯ ರಂಗ ನಡುಗುವಂತೆ ಕಾಲು ಬಡಿಯುವ ಚವಿಟ್ಟು ನಾಟಕ. ಒಪ್ಪನದಲ್ಲಿ ಮದುಮಗಳು ನಡುವೆ ಕುಳಿತಿರುತ್ತಾಳೆ. ಗೆಳತಿಯರು ಅವಳನ್ನು ಛೇಡಿಸುತ್ತ ಚಪ್ಪಾಳೆ ತಟ್ಟಿ ಸುತ್ತುತ್ತಾರೆ. ಆ ಗೆಳತಿಯರಲ್ಲಿ ಹಿಂದೂ, ಕ್ರೈಸ್ತ ಮನೆಗಳ ಹುಡುಗಿಯರೂ ಇರುತ್ತಾರೆ. ಯಾರ ಮನೆಯ ಕಲೆ ಎಂದು ಕೇಳದೆ ಮಕ್ಕಳು ಒಬ್ಬರ ಹಾಡನ್ನು ಒಬ್ಬರು ಕಲಿಯುವುದು ಈ ಕಾಲದಲ್ಲಿ ಸಣ್ಣ ಮಾತಲ್ಲ.

ಪಟ್ಟಿ ಈಗಲೂ ಬೆಳೆಯುತ್ತಿದೆ. 2025ರ ತಿರುವನಂತಪುರದ ಉತ್ಸವದಲ್ಲಿ ಮೊದಲ ಬಾರಿಗೆ ಐದು ಬುಡಕಟ್ಟು ಕುಣಿತಗಳು ಸೇರಿದವು. ಅವುಗಳಲ್ಲಿ ಒಂದಾದ ಮಂಗಲಂಕಳಿ ಕಾಸರಗೋಡು ಕಡೆಯ ಮಾವಿಲರು ಮತ್ತು ಮಲವೇಟ್ಟುವರ ಮದುವೆ ಕುಣಿತ. ಅದರ ಹಾಡುಗಳಲ್ಲಿ ತುಳುವೂ ಇದೆ.

ಕಾಸರಗೋಡಿನ ಕನ್ನಡ ಶಾಲೆಗಳ ಮಕ್ಕಳಿಗೆ ಈ ಉತ್ಸವ ತಮ್ಮ ಭಾಷೆಯನ್ನು ರಾಜ್ಯದ ಮುಂದೆ ಕೇಳಿಸುವ ಅವಕಾಶ. ಕನ್ನಡ ಪದ್ಯ ಹೇಳುವ ಸ್ಪರ್ಧೆಯೂ ಅಲ್ಲುಂಟು. ತೆಂಕುತಿಟ್ಟಿಗೆ ರಾಮಾಯಣದ ಪ್ರಸಂಗಗಳನ್ನು ಕೊಟ್ಟ ಪಾರ್ತಿಸುಬ್ಬನ ಕುಂಬಳೆ ಈ ಜಿಲ್ಲೆಯಲ್ಲೇ ಇದೆ. ಮನೆಯಂಗಳದ ಬಯಲಾಟ ನೋಡುತ್ತ ಬೆಳೆದ ಮಕ್ಕಳಿಗೆ ತಾಳ ರಕ್ತದಲ್ಲೇ ಇರುತ್ತದೆ. ಬೇರೆ ಜಿಲ್ಲೆಯವರು ಅದನ್ನು ಹಟ ಹಿಡಿದು ಗಳಿಸುತ್ತಾರೆ. ಇಡೀ ರಾತ್ರಿಯ ಆಟವನ್ನು ಸ್ಪರ್ಧೆಯ ನಿಮಿಷಗಳಿಗೆ ಇಳಿಸುವಾಗ ಮಾತುಗಾರಿಕೆ ಸೊರಗುತ್ತದೆ, ಕುಣಿತದ ಅಬ್ಬರ ಹೆಚ್ಚುತ್ತದೆ ಎಂಬುದೂ ನಿಜ. ಆದರೆ ಹಿಮ್ಮೇಳದ ಪದಕ್ಕೆ ಕಿವಿಗೊಟ್ಟು ಹೆಜ್ಜೆ ಹಾಕಲು ಕಲಿತ ಮಗು ಮುಂದೆ ಒಳ್ಳೆಯ ಪ್ರೇಕ್ಷಕನಂತೂ ಆಗುತ್ತದೆ. ಇವತ್ತು ಯಕ್ಷಗಾನಕ್ಕೆ ಅತಿ ಅಗತ್ಯವಾಗಿ ಬೇಕಿರುವುದೂ ಅದೇ.

ಕಲೋತ್ಸವಕ್ಕೆ ಕಹಿ ಮುಖವೂ ಇದೆ. ವೇಷಭೂಷಣ, ಗುರುಗಳ ಸಂಭಾವನೆ, ಬಾಡಿಗೆ ವಾದ್ಯದವರು ಎಂದು ಖರ್ಚು ಏರುತ್ತದೆ. ಬಡವರ ಮನೆಯ ಮಕ್ಕಳು ಅಲ್ಲೇ ಹಿಂದೆ ಬೀಳುತ್ತಾರೆ. ಪರೀಕ್ಷೆಯಲ್ಲಿ ಸಿಗುವ ಗ್ರೇಸ್ ಅಂಕದ ಆಸೆಗೆ ಮಕ್ಕಳಿಗಿಂತ ಹೆತ್ತವರೇ ಸ್ಪರ್ಧೆಗಿಳಿದು ತೀರ್ಪಿನ ವಿರುದ್ಧ ಮೇಲ್ಮನವಿ, ಕೋರ್ಟು ಎಂದು ಅಲೆದದ್ದೂ ಇದೆ. 1986ರಲ್ಲಿ ಆರಂಭವಾದ ಕಲಾತಿಲಕ, ಕಲಾಪ್ರತಿಭಾ ಬಿರುದುಗಳು ಮಂಜು ವಾರಿಯರ್, ವಿನೀತ್ ಅವರಂಥ ಕಲಾವಿದರನ್ನು ಬೆಳಕಿಗೆ ತಂದವು. ಜೊತೆಗೆ ಪೈಪೋಟಿಯನ್ನೂ ವಿಪರೀತಕ್ಕೆ ಒಯ್ದವು. ಕಡೆಗೆ ಸರ್ಕಾರ ಆ ಬಿರುದುಗಳನ್ನೇ ಕೈಬಿಟ್ಟಿತು. ಸರಿಯಾದ ತೀರ್ಮಾನ.

ನಮ್ಮ ಕರ್ನಾಟಕದ ಶಾಲಾ ಮಕ್ಕಳಿಗೂ ಪ್ರತಿಭಾ ಕಾರಂಜಿ ಇದೆ. ಶಿಕ್ಷಕರು ಬೆವರು ಸುರಿಸಿ ಮಕ್ಕಳನ್ನು ತಯಾರು ಮಾಡುತ್ತಾರೆ. ಕೊರತೆ ಪ್ರತಿಭೆಯದಲ್ಲ, ನೋಡುವವರದು. ಕೇರಳದಲ್ಲಿ ಕಲೋತ್ಸವದ ದಿನಗಳಲ್ಲಿ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ, ಟಿ.ವಿ. ವಾಹಿನಿಗಳು ನೇರಪ್ರಸಾರ ಮಾಡುತ್ತವೆ, ಮಕ್ಕಳ ಕೋಲ್ಕಳಿ ನೋಡಲು ಊರವರು ರಾತ್ರಿಯವರೆಗೂ ಕೂರುತ್ತಾರೆ. ಮುಂದಿನ ಬಾರಿ ನಿಮ್ಮ ತಾಲ್ಲೂಕಿನಲ್ಲಿ ಪ್ರತಿಭಾ ಕಾರಂಜಿ ನಡೆದಾಗ, ನಿಮ್ಮ ಮನೆಯ ಮಗು ಅದರಲ್ಲಿ ಇರಲಿ, ಬಿಡಲಿ, ಒಂದು ಮಧ್ಯಾಹ್ನ ಹೋಗಿ ಕುಳಿತು ನೋಡಿ. ಮಂಗಳೂರಿನ ಆಸುಪಾಸಿನವರಾದರೆ ಕಾಸರಗೋಡಿನ ಜಿಲ್ಲಾ ಕಲೋತ್ಸವಕ್ಕೂ ಹೋಗಿಬನ್ನಿ. ಕಾಸರಗೋಡು ಪೇಟೆಗೆ ರೈಲಿನಲ್ಲಿ ಸುಮಾರು ಒಂದು ಗಂಟೆಯ ದಾರಿ.