ಚೈನ್ ತೆಗೆದು ಏನು ಹಾಕ್ತೀರಿ?

ಪ್ರಾಜೆಕ್ಟ್ ಸೀಸನ್ ಬಂತು ಅಂದ್ರೆ ಮೆಕ್ಯಾನಿಕಲ್ ವರ್ಕ್‌ಶಾಪಿನ ಮೂಲೆಯಲ್ಲಿ ಒಂದು ಹಳೇ ಸೈಕಲ್ಲು ಚೈನ್ ಕಳಚಿಕೊಂಡು ಮಲಗಿರುತ್ತೆ. ಯಾವುದೋ ಬ್ಯಾಚು ‘ಚೈನ್‌ಲೆಸ್ ಬೈಸಿಕಲ್’ ತಗೊಂಡಿದೆ ಅಂತ ಅರ್ಥ. ಪೆಡಲ್ ಹತ್ತಿರ ಒಂದು ಜೋಡಿ ಬೆವೆಲ್ ಗೇರು, ಹಿಂದಿನ ಚಕ್ರದ ಹತ್ತಿರ ಇನ್ನೊಂದು ಜೋಡಿ, ನಡುವೆ ಒಂದು ಶಾಫ್ಟು. ರಿಪೋರ್ಟಿನ ಮೊದಲ ಪುಟದಲ್ಲಿ ‘ಚೈನ್‌ಗಿಂತ ಹೆಚ್ಚು ದಕ್ಷ’ ಅನ್ನೋ ಸಾಲು ಖಾಯಂ. ಆ ಸಾಲು ನಿಜವೇ? ಲೆಕ್ಕ ಹಾಕಿಯೇ ನೋಡೋಣ.

ಮೊದಲು ಎದುರಾಳಿ ಯಾರು ಅಂತ ತಿಳಿದುಕೊಳ್ಳಬೇಕು. ಇವತ್ತಿನ ಚೈನಿನ ಪೂರ್ವಜ, ಅಂದರೆ ಬುಷ್ ರೋಲರ್ ಚೈನ್, 1880ರಲ್ಲಿ ಮ್ಯಾಂಚೆಸ್ಟರಿನ ಹಾನ್ಸ್ ರೆನಾಲ್ಡ್ ರೂಪಿಸಿದ್ದು. ಅದಕ್ಕೂ ಮೊದಲಿನ ಎತ್ತರದ ಸೈಕಲ್‌ಗಳಲ್ಲಿ ಪೆಡಲ್ಲು ನೇರವಾಗಿ ಮುಂದಿನ ಚಕ್ರಕ್ಕೇ ಇರುತ್ತಿತ್ತು. ವೇಗ ಬೇಕಾದರೆ ಚಕ್ರವನ್ನೇ ದೊಡ್ಡದು ಮಾಡಬೇಕು, ಬಿದ್ದರೆ ತಲೆ ಒಡೆಯುತ್ತೆ. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ತಂದ ರೋವರ್ ಸೈಕಲ್ಲು ಚೈನಿನಿಂದ ಹಿಂದಿನ ಚಕ್ರ ತಿರುಗಿಸಿ ಆ ಕಥೆ ಮುಗಿಸಿತು. ಈಗ ಓಡಾಡೋ ಸೈಕಲ್‌ಗಳೂ ಮೂಲದಲ್ಲಿ ಅದೇ ವಿನ್ಯಾಸ.

1999ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಜೇಮ್ಸ್ ಸ್ಪೈಸರ್ ತಂಡ ಈ ಚೈನನ್ನು ಲ್ಯಾಬಿನಲ್ಲಿಟ್ಟು ಅಳೆಯಿತು. ಸಿಕ್ಕಿದ ಅತ್ಯುತ್ತಮ ದಕ್ಷತೆ ಶೇಕಡಾ 98.6. ಎಳೆತ ಹೆಚ್ಚಿದಷ್ಟೂ, ಹಲ್ಲುಚಕ್ರ ದೊಡ್ಡದಾದಷ್ಟೂ ದಕ್ಷತೆ ಏರುತ್ತಿತ್ತು. ಎಣ್ಣೆ ಹಾಕಿದರೂ ಬಿಟ್ಟರೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲವಂತೆ! (ಹಾಗಂತ ಎಣ್ಣೆ ನಿಲ್ಲಿಸಬೇಡಿ, ಅದು ಶುಭ್ರವಾದ ಲ್ಯಾಬು, ನಮ್ಮ ಕೆಂಪು ಧೂಳು ಬೇರೆ.) ಅಂದರೆ ನೀವು 100 ವ್ಯಾಟ್ ತುಳಿದರೆ ಒಳ್ಳೆಯ ಸ್ಥಿತಿಯಲ್ಲಿ 98.6 ವ್ಯಾಟ್ ಚಕ್ರಕ್ಕೆ ತಲುಪುತ್ತೆ. ಚೈನನ್ನು ಸೋಲಿಸಲು ಹೊರಟವರಿಗೆ ಗೆಲ್ಲಲು ಉಳಿದಿರುವುದು ಬರೀ 1.4 ವ್ಯಾಟ್.

ಈಗ ಶಾಫ್ಟಿಗೆ ಬನ್ನಿ. ಚೆನ್ನಾಗಿ ಮಾಡಿದ ಒಂದು ಬೆವೆಲ್ ಜೋಡಿಗೆ ಶೇಕಡಾ 97 ಅಂತ ಉದಾರವಾಗಿಯೇ ಹಿಡಿಯಿರಿ. ಎರಡು ಜೋಡಿ ಇವೆ, ಗುಣಿಸಿದರೆ 94. ಬೇರಿಂಗ್ ನಷ್ಟ ಇನ್ನೂ ಸೇರಿಸಿಲ್ಲ. ‘ಹೆಚ್ಚು ದಕ್ಷ’ ಅನ್ನೋ ಸಾಲು ಇಲ್ಲೇ ಬಿತ್ತು.

ಆದರೆ ನನಗೆ ದಕ್ಷತೆಗಿಂತ ದೊಡ್ಡ ತೊಂದರೆ ಅನ್ನಿಸೋದು ಬಲದ್ದು. 70 ಕಿಲೋ ತೂಕದವರು ಏರಿನಲ್ಲಿ ಎದ್ದು ನಿಂತು ತುಳಿದರೆ ಪೆಡಲ್ ಮೇಲೆ ಸುಮಾರು 700 ನ್ಯೂಟನ್. ಕ್ರ್ಯಾಂಕ್ 170 ಮಿಲಿಮೀಟರ್. ಟಾರ್ಕ್ 119 ನ್ಯೂಟನ್ ಮೀಟರ್. ಸಣ್ಣ ಕಾರಿನ ಇಂಜಿನ್ ಕೊಡುವಷ್ಟು! 44 ಹಲ್ಲಿನ ಚೈನ್‌ರಿಂಗಿನ ತ್ರಿಜ್ಯ ಹತ್ತಿರ ಹತ್ತಿರ 89 ಮಿಲಿಮೀಟರ್, ಹಾಗಾಗಿ ಚೈನಿನ ಎಳೆತ ಸುಮಾರು 1340 ನ್ಯೂಟನ್. ಚೈನು ಅರ್ಧ ಚಕ್ರವನ್ನು ಅಪ್ಪಿಕೊಂಡಿರುತ್ತೆ. ಮೊದಲ ಕೆಲವು ಹಲ್ಲುಗಳು ಜಾಸ್ತಿ ಹೊರುತ್ತವೆ ನಿಜ, ಆದರೂ ಭಾರ ಹಂಚಿಹೋಗುತ್ತೆ. ಅದೇ ಜಾಗದಲ್ಲಿ 40 ಮಿಲಿಮೀಟರ್ ತ್ರಿಜ್ಯದ ಬೆವೆಲ್ ಗೇರ್ ಹಾಕಿದರೆ ಬಲ 3000 ನ್ಯೂಟನ್ ಹತ್ತಿರ ಹೋಗುತ್ತೆ, ಹೊರೋದು ಒಂದೋ ಎರಡೋ ಹಲ್ಲು. ಮೇಲಿಂದ ಬೆವೆಲ್ ಗೇರುಗಳು ಭಾರ ಬಿದ್ದಾಗ ಒಂದನ್ನೊಂದು ದೂರ ತಳ್ಳುತ್ತವೆ. ಫ್ರೇಮು ಸ್ವಲ್ಪ ಬಾಗಿದರೂ ಹಲ್ಲು ಸರಿಯಾಗಿ ಕೂರಲ್ಲ, ಕಟಕಟ ಶುರು. ಗೇರ್ ಅನುಪಾತ ಬದಲಿಸಿ ಶಾಫ್ಟನ್ನು ಜೋರಾಗಿ ತಿರುಗಿಸಿದರೆ ಶಾಫ್ಟಿನ ಟಾರ್ಕ್ ಇಳಿಯುತ್ತೆ, ಆದರೆ ಕ್ರ್ಯಾಂಕ್ ಗೇರಿನ ಹಲ್ಲಿನ ಮೇಲಿನ ಬಲ ಒಂದು ನ್ಯೂಟನ್ನೂ ಇಳಿಯಲ್ಲ. ಅದು ಆ ಗೇರಿನ ತ್ರಿಜ್ಯಕ್ಕೆ ಸೇರಿದ್ದು. ತ್ರಿಜ್ಯ ಹೆಚ್ಚಿಸಿದರೆ ತೂಕ ಏರುತ್ತೆ, ಗೇರು ಕಾಲಿಗೂ ತಗಲುತ್ತೆ.

‘ಬಿಎಂಡಬ್ಲ್ಯೂ ಬೈಕಿನಲ್ಲಿ ಶಾಫ್ಟ್ ಇದೆಯಲ್ಲ ಸಾರ್?’ ಅಂತ ವೈವಾದಲ್ಲಿ ಯಾರಾದರೂ ಕೇಳೇ ಕೇಳ್ತಾರೆ. ಇದೆ, 1923ರ ಆರ್ 32 ಕಾಲದಿಂದಲೂ ಇದೆ. ಅಲ್ಲಿ ಗೇರನ್ನು ದಪ್ಪಗೆ, ಭಾರವಾಗಿ ಮಾಡಿ ಎಣ್ಣೆಯೊಳಗೆ ಮುಳುಗಿಸಬಹುದು. ನಾಲ್ಕೈದು ಪರ್ಸೆಂಟ್ ಹೋದರೆ ಪೆಟ್ರೋಲು ಕೊಡುತ್ತೆ. ಸೈಕಲ್ಲಿನ ಇಂಜಿನ್ನು ಬೆಳಿಗ್ಗೆ ಎರಡು ಇಡ್ಲಿ ತಿಂದು ಬಂದಿರುತ್ತೆ.

ಐಡಿಯಾ ಹೊಸದೂ ಅಲ್ಲ. ಅಮೆರಿಕದ ಪೋಪ್ ಕಂಪನಿ ಕೊಲಂಬಿಯಾ ಹೆಸರಿನ ಬೆವೆಲ್ ಗೇರ್ ಸೈಕಲ್ಲನ್ನು 1898ರ ಹೊತ್ತಿಗೇ ಮಾರುತ್ತಿತ್ತು. ಮೇಜರ್ ಟೇಲರ್ ಎಂಬ ಮಹಾನ್ ಓಟಗಾರ ಅದೇ ವರ್ಷ ಇನ್ನೊಂದು ಚೈನಿಲ್ಲದ ಸೈಕಲ್ಲಿನ ಮೇಲೆ ದಾಖಲೆ ಬರೆದ. ಅಂದರೆ ಓಡಲ್ಲ ಅಂತಲ್ಲ. ಆದರೂ ಚೈನೇ ಉಳಿಯಿತು. 2018ರಲ್ಲಿ ಸೆರಾಮಿಕ್‌ಸ್ಪೀಡ್ ಕಂಪನಿ ಹಲ್ಲುಗಳ ಬದಲು ಪುಟ್ಟ ಬೇರಿಂಗುಗಳಿರುವ ಶಾಫ್ಟ್ ತೋರಿಸಿ ಶೇಕಡಾ 99 ದಕ್ಷತೆ ಅಂತ ಹೇಳಿಕೊಂಡಿತು. ಜಾರುವ ಬದಲು ಉರುಳುವ ಸಂಪರ್ಕ, ಜಾಣ ಉಪಾಯವೇ. ನೋಡಲೂ ಸುಂದರ. ಅಂಗಡಿಯಲ್ಲಿ ಮಾತ್ರ ಕಾಣಿಸಲಿಲ್ಲ.

ನಿಜಕ್ಕೂ ರಸ್ತೆಗೆ ಬಂದಿರುವ ಪರ್ಯಾಯ ಅಂದರೆ ಬೆಲ್ಟು. ಗೇಟ್ಸ್ ಕಂಪನಿಯ ಕಾರ್ಬನ್ ಡ್ರೈವ್ ಇದರಲ್ಲಿ ದೊಡ್ಡ ಹೆಸರು: ಒಳಗೆ ಕಾರ್ಬನ್ ನಾರು, ಹೊರಗೆ ಪಾಲಿಮರ್ ಹಲ್ಲು. ಎಣ್ಣೆ ಬೇಡ, ತುಕ್ಕಿಲ್ಲ, ಸದ್ದಿಲ್ಲ, ಪ್ಯಾಂಟಿಗೆ ಕರಿ ಮೆತ್ತಲ್ಲ. ಮಳೆಗಾಲದಲ್ಲಿ ದಿನಾ ಸೈಕಲ್ ತುಳಿಯುವವರಿಗೆ ಇದು ಸಣ್ಣ ಮಾತಲ್ಲ. ಕೊಡಬೇಕಾದ ಬೆಲೆಯೂ ಇದೆ. ಚೈನಿನ ಕೊಂಡಿ ಬಿಚ್ಚಿದ ಹಾಗೆ ಬೆಲ್ಟನ್ನು ಬಿಚ್ಚಕ್ಕಾಗಲ್ಲ, ಅದು ಒಂದೇ ಸುತ್ತು. ಒಳಗೆ ತೂರಿಸಬೇಕಾದರೆ ಫ್ರೇಮಿನ ಹಿಂಭಾಗವೇ ಒಂದು ಕಡೆ ಬಿಚ್ಚುವಂತಿರಬೇಕು. ಹಲ್ಲು ಜಾರದಿರಲು ಬೆಲ್ಟನ್ನು ಯಾವಾಗಲೂ ಬಿಗಿಯಾಗಿಟ್ಟಿರಬೇಕು, ಆ ಬಿಗಿತದ ನಷ್ಟ ನೀವು ಮೆಲ್ಲಗೆ ತುಳಿದರೂ ತಪ್ಪಲ್ಲ. ಚೈನಿನ ಕೆಳಗಿನ ಭಾಗ ಸಡಿಲವಾಗಿರೋದರಿಂದ ಅದಕ್ಕೆ ಈ ಕಾಟ ಕಡಿಮೆ. ಜೊತೆಗೆ ಬೆಲ್ಟು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಹಾರಲ್ಲ, ಗೇರುಗಳನ್ನು ಬೇರೆಲ್ಲೋ ಮುಚ್ಚಿಡಬೇಕು. ಜರ್ಮನಿಯ ರೋಲಾಫ್ ಹಿಂದಿನ ಹಬ್ಬಿನೊಳಗೆ 14 ಗೇರು ತುಂಬಿದೆ. ಅದೇ ದೇಶದ ಪಿನಿಯನ್ ಕಂಪನಿ ಪೆಡಲ್ ಬಳಿಯ ಪೆಟ್ಟಿಗೆಯೊಳಗೆ 18. ಎರಡೂ ಅದ್ಭುತ. ಬೆಲೆ ಕೇಳಿದರೆ ಸೆಕೆಂಡ್ ಹ್ಯಾಂಡ್ ಬೈಕ್ ನೆನಪಾಗುತ್ತೆ.

ಇನ್ನೊಂದು ದಾರಿ ಪೆಡಲ್ಲಿಗೂ ಚಕ್ರಕ್ಕೂ ಯಾಂತ್ರಿಕ ಸಂಬಂಧವನ್ನೇ ಕಡಿದುಹಾಕೋದು. 2021ರಲ್ಲಿ ಷೆಫ್ಲರ್ ಮತ್ತು ಹೈನ್ಸ್‌ಮನ್ ತೋರಿಸಿದ ಫ್ರೀ ಡ್ರೈವ್‌ನಲ್ಲಿ ಪೆಡಲ್ ತಿರುಗಿಸೋದು ಜನರೇಟರನ್ನು. ಚಕ್ರ ತಿರುಗಿಸೋದು ಮೋಟಾರು. ನಡುವೆ ಬರೀ ವೈರು. ಯಾಂತ್ರಿಕ ಶಕ್ತಿ ವಿದ್ಯುತ್ತಾಗಿ ಮತ್ತೆ ಯಾಂತ್ರಿಕವಾಗುವಾಗ ಎರಡೆರಡು ಸಲ ಸುಂಕ. ಆದರೆ ಮೂರು ನಾಲ್ಕು ಚಕ್ರದ ಸರಕು ಸೈಕಲ್ಲಿನಲ್ಲಿ ಉದ್ದಕ್ಕೂ ಚೈನ್ ಎಳೆಯುವ ತಲೆನೋವಿಗಿಂತ ಆ ಸುಂಕ ವಾಸಿ, ಹೇಗೂ ಬ್ಯಾಟರಿ ಇದ್ದೇ ಇದೆ. ಎಲೆಕ್ಟ್ರಿಕಲ್‌ನವರ ಜೊತೆ ಸೇರಿ ಪ್ರಾಜೆಕ್ಟ್ ಮಾಡೋದಾದರೆ ನನ್ನ ಓಟು ಇದಕ್ಕೆ.

ಇಲ್ಲ, ಶಾಫ್ಟೇ ಮಾಡ್ತೀವಿ ಅನ್ನೋರು ಚೈನ್ ಕಳಚುವ ಮೊದಲು ಒಂದು ಕೆಲಸ ಮಾಡಿ. ಕ್ರ್ಯಾಂಕಿನ ಅಕ್ಷಕ್ಕೆ ಒಂದು ಡ್ರಮ್ ಕಟ್ಟಿ, ಹಗ್ಗ ಸುತ್ತಿ, ತೂಕ ನೇತುಹಾಕಿ. ಹಿಂದಿನ ಚಕ್ರದ ರಿಮ್ಮಿಗೆ ಇನ್ನೊಂದು ಹಗ್ಗ ಸುತ್ತಿ ಲೋಡ್ ಸೆಲ್‌ಗೆ ಸೇರಿಸಿ. ತೂಕವನ್ನು ನಿಧಾನವಾಗಿ, ಒಂದೇ ವೇಗದಲ್ಲಿ ಇಳಿಯಲು ಬಿಟ್ಟು ರೀಡಿಂಗ್ ತಗೊಳ್ಳಿ. ನಷ್ಟವೇ ಇಲ್ಲದಿದ್ದರೆ ಎಷ್ಟು ಬರಬೇಕಿತ್ತು ಅನ್ನೋದು ಅನುಪಾತದಿಂದ ಗೊತ್ತಾಗುತ್ತೆ. ಮೂರು ಬೇರೆ ಬೇರೆ ತೂಕಕ್ಕೆ ಬರೆದಿಟ್ಟುಕೊಂಡು, ಶಾಫ್ಟ್ ಕೂರಿಸಿದ ಮೇಲೆ ಅದೇ ತೂಕಗಳನ್ನು ಮತ್ತೆ ನೇತುಹಾಕಿ. ರಿಪೋರ್ಟಿನ ಮೊದಲ ಪುಟ ಆಮೇಲೆ ಬರೆದರಾಯ್ತು.